ಇಪ್ಪತ್ತೆರಡು ಜರ್ಸಿ

ಶನಿವಾರ ರಾತ್ರಿ ಹನ್ನೊಂದು ದಾಟಿದ ಮೇಲೆ ಹಿತ್ತಲಿನ ಬಟ್ಟೆ ತಂತಿ ಕಿರ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸಲ.

ಲೋರ್ನಾ ಕಣ್ಣು ಬಿಟ್ಟಳು. ಒಂದೇ ಕಂಬದ ಮೇಲೆ ಕೊಡೆಯ ಹಾಗೆ ಬಿಚ್ಚಿಕೊಂಡು ಸುತ್ತುವ ತಂತಿ ಅದು; ಗಾಳಿ ಬೀಸಿದರೆ ಬಿಡದೆ ನರಳುತ್ತದೆ. ಇದು ಹಾಗಿರಲಿಲ್ಲ. ಯಾರೋ ಒಂದು ಗೇಣು ತಿರುಗಿಸಿ, ನಿಲ್ಲಿಸಿ, ಮತ್ತೆ ಒಂದು ಗೇಣು ತಿರುಗಿಸಿದ ಹಾಗಿತ್ತು. ಹೊರಗೆ ಜುಲೈ, ಈ ದಕ್ಷಿಣದ ನಾಡಿಗೆ ನಡುಚಳಿಗಾಲ, ಗಾಳಿಯ ಸುಳಿವಿಲ್ಲ. ಅವಳು ಪಕ್ಕಕ್ಕೆ ಕೈಚಾಚಿದಳು. ಗಂಡ ಡೆಸ್ ಮಲಗಿದ್ದ ಜಾಗ ತಣ್ಣಗಿತ್ತು.

ಹಿಂಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಗೋಡೆ ಸವರಿಕೊಂಡು ಬರುವ ಅಂಗೈಯ ಸದ್ದು. ಡೆಸ್ ಬಂದು ಹೊದಿಕೆಯೊಳಗೆ ತೂರಿಕೊಂಡ.

"ಎಲ್ಲಿಗೆ ಹೋಗಿದ್ದೆ?"

"ನೆಲ ಹೆಪ್ಪುಗಟ್ಟುತ್ತೇನೋ ಅಂತ ನೋಡೋಕೆ."

"ಕಣ್ಣು ಕಾಣದವನು ನೆಲ ನೋಡಿದನಂತೆ."

"ಕಾಲಿಗೆ ಕಾಣುತ್ತೆ ಕಣೇ. ಮಲಗು."

ಅವನ ಕೈಯಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಬೀರುವಿನಿಂದ ಇನ್ನೊಂದು ಕಂಬಳಿ ಎಳೆದುಕೊಂಡಿರಬೇಕು ಎಂದುಕೊಂಡು ಅವಳು ಆ ಕಡೆ ತಿರುಗಿದಳು. ನಿದ್ದೆ ಮಾತ್ರ ಬೇಗ ಬರಲಿಲ್ಲ.

ಮಿಲ್ಲಾರೂ ಊರಿನ ಫುಟ್‌ಬಾಲ್ ತಂಡದ ಜರ್ಸಿಗಳನ್ನು ಲೋರ್ನಾ ಒಗೆಯತೊಡಗಿ ಮೂವತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಅವಳ ಅತ್ತೆ ಒಗೆಯುತ್ತಿದ್ದಳು. ಈ ಕಡೆಯ ಫುಟ್‌ಬಾಲಿನಲ್ಲಿ ಮೈದಾನಕ್ಕಿಳಿಯುವವರು ಹದಿನೆಂಟು, ಬದಲಿಗೆ ಕಾಯುವವರು ನಾಲ್ಕು. ಶನಿವಾರ ಆಟ ಮುಗಿದ ಮೇಲೆ ಚೀಲ ಬರುತ್ತದೆ. ಕೊಳೆ ಎಷ್ಟೇ ಇರಲಿ, ಆ ರಾತ್ರಿಯೇ ಒಗೆದು ಹರವಬೇಕು, ಅದೂ ಒಂದರಿಂದ ಇಪ್ಪತ್ತೆರಡರವರೆಗೆ ಅಂಕಿಯ ಕ್ರಮದಲ್ಲಿ. ಕಡುಗೆಂಪು ಬಣ್ಣ, ಎದೆಗೆ ಬಿಳಿ ಪಟ್ಟೆ. ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವವರು ಟ್ರೆಲೋರ್ ದಂಪತಿಯ ಹಿತ್ತಲು ಕಾಣುವಲ್ಲಿ ಕಾರು ನಿಧಾನ ಮಾಡುತ್ತಿದ್ದರು. ಆ ತಂತಿ ತುಂಬಿದ್ದರೆ ಊರು ಸುಖವಾಗಿದೆ ಎಂದು ಅರ್ಥ. ರೈಲು ನಿಂತಾಗ, ಬ್ಯಾಂಕು ಬಾಗಿಲು ಮುಚ್ಚಿದಾಗ, ಹತ್ತು ಜನರ ಹೊಲವನ್ನು ಒಬ್ಬನೇ ಕೊಂಡು ಯಂತ್ರದಿಂದ ಕೊಯ್ಯತೊಡಗಿದಾಗಲೂ ತಂತಿ ತುಂಬಿಯೇ ಇತ್ತು.

ತಂತಿ ತುಂಬದ ದಿನ ಬಂದದ್ದು ಎರಡು ವರ್ಷದ ಹಿಂದೆ. ಅದೇ ವಾರ ಪಟ್ಟಣದ ಕಣ್ಣಿನ ಡಾಕ್ಟರು ಡೆಸ್‌ಗೆ, ನೋಟದ ನಡುಭಾಗ ಹೋಗಿಬಿಟ್ಟಿದೆ, ಅಂಚಷ್ಟೇ ಉಳಿಯುತ್ತದೆ ಎಂದಿದ್ದರು. ಮುಖ ಕಾಣದು, ಅಂಕಿ ಕಾಣದು. ಬಣ್ಣ ಕಾಣುತ್ತದೆ, ಚಲನೆ ಕಾಣುತ್ತದೆ. ಶನಿವಾರ ಮೈದಾನದ ಬೇಲಿಗೆ ಮೂತಿ ಇಟ್ಟು ನಿಲ್ಲಿಸಿದ ಕಾರಿನಲ್ಲೇ ಕೂತು, ಉಳಿದ ಕಾರುಗಳ ಹಾರನ್ ಕೇಳಿ ಗೋಲು ಬಿತ್ತೆಂದು ತಾನೂ ಹಾರನ್ ಒತ್ತುತ್ತಿದ್ದ. ಆ ವಾರದ ಶನಿವಾರ ರಾತ್ರಿ ಅಡುಗೆಮನೆಯಲ್ಲಿ ಕೂತವನು ಊಟ ಮುಟ್ಟಲಿಲ್ಲ.

"ಎಷ್ಟು ಬಂತು ಒಗೆಯೋಕೆ?" ಎಂದು ಕೇಳಿದ.

ಬಂದದ್ದು ಹದಿನೇಳು. "ಇಪ್ಪತ್ತೆರಡು" ಎಂದಳು ಲೋರ್ನಾ.

ಅವನು ಫೋರ್ಕು ಎತ್ತಿಕೊಂಡ. ಊಟ ಮಾಡಿದ.

ಅಷ್ಟೇ ನಡೆದದ್ದು. ಆ ರಾತ್ರಿ ಅವಳು ಒಗೆಯುವ ಕೋಣೆಯ ಮರದ ಪೆಟ್ಟಿಗೆಯಿಂದ ಉಳಿದ ಐದನ್ನೂ ತೆಗೆದು, ನೀರಿನಲ್ಲಿ ಅದ್ದಿ, ಹಿಂಡಿ, ಅವುಗಳ ಅಂಕಿಯ ಜಾಗದಲ್ಲಿ ಹರವಿದಳು. ಮುಂದಿನ ವಾರವೂ ಅದನ್ನೇ ಮಾಡಿದಳು.

*

ಭಾನುವಾರದ ಊಟಕ್ಕೆ ಮಗನ ಸಂಸಾರ ಬರುವುದು ವಾಡಿಕೆ. ತಂತಿ ಕಿರುಗುಟ್ಟಿದ ರಾತ್ರಿಯ ಮರುದಿನವೂ ಬಂದಿದ್ದರು; ಕುರಿಯ ತೊಡೆ ಒಲೆಯಲ್ಲಿ ಬೆಂದಿತ್ತು. ಕುಂಬಳಕಾಯಿ, ಆಲೂಗಡ್ಡೆ, ಬಟಾಣಿ, ಪುದೀನ ಸಾಸು. ಮಗ ಬ್ರೆಂಟನ್ ಈ ವರ್ಷ ಕ್ಲಬ್ಬಿನ ಅಧ್ಯಕ್ಷ. ಸೊಸೆ ಕೆರಿನ್ ಅದೇ ಕ್ಲಬ್ಬಿನ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲಿನಂಥ ನೆಟ್‌ಬಾಲ್ ಕಲಿಸುತ್ತಾಳೆ. ಅವರ ಮಗಳು ಟೀಗನ್‌ಗೆ ಹದಿನೈದು; ಅವಳೂ ಆ ತಂಡದಲ್ಲಿದ್ದಾಳೆ.

ಡೆಸ್ ಮಾಂಸ ಕತ್ತರಿಸುವುದನ್ನು ಬಿಟ್ಟು ಒಂದು ವರ್ಷವಾಗಿತ್ತು. ಬ್ರೆಂಟನ್ ಕತ್ತರಿಸುತ್ತಿದ್ದ.

"ಲೋರ್ನಾ, ನಿನ್ನೆ ಹನ್ನೊಂದನ್ನ ಯಾರು ಹಾಕಿದ್ದು?" ಡೆಸ್ ಇದ್ದಕ್ಕಿದ್ದ ಹಾಗೆ ಕೇಳಿದ. ಹನ್ನೊಂದು ಅವನು ಆಡುತ್ತಿದ್ದ ಕಾಲದ ಅವನ ಅಂಕಿ.

ಲೋರ್ನಾ ಗ್ರೇವಿಯ ಪಾತ್ರೆ ಕೆಳಗಿಟ್ಟಳು. "ಗೋಧಿ ಉಗ್ರಾಣಕ್ಕೆ ಹೊಸಬ ಬಂದಿದ್ದಾನಲ್ಲ, ಅವನು."

"ಹೇಗೆ ಆಡಿದ?"

"ಪರವಾಗಿಲ್ಲ ಅಂದ್ರು."

ಬ್ರೆಂಟನ್ ಚಾಕು ನಿಲ್ಲಿಸಿ ತಾಯಿಯ ಮುಖ ನೋಡಿದ. ಕೆರಿನ್ ತಟ್ಟೆ ನೋಡಿಕೊಂಡಳು.

"ಅಪ್ಪ, ಒಂದು ವಿಷಯ ಇದೆ," ಎಂದ ಬ್ರೆಂಟನ್. "ಮುಂದಿನ ತಿಂಗಳ ಮೂರನೇ ಭಾನುವಾರ ಸ್ಮಾರಕ ಭವನದಲ್ಲಿ ವಿಶೇಷ ಸಭೆ. ಕೂರಾಬಿನ್ ಕ್ಲಬ್ ಜೊತೆ ಸೇರ್ಕೊಳ್ಳೋದಾ ಬೇಡ್ವಾ ಅಂತ ವೋಟು."

"ಕೂರಾಬಿನ್ ಜೊತೆ."

"ಹೂಂ."

"ಆ ನೀಲಿ ಬಟ್ಟೆ ಹಾಕ್ಕೊಂಡು ಓಡೋದಾ? ನಮ್ಮಪ್ಪ ಗೋರಿಯಿಂದ ಎದ್ದು ಬಂದು ನಿನ್ನ ಕಿವಿ ಹಿಂಡ್ತಾನೆ."

"ಬಣ್ಣದ ಮಾತು ಆಮೇಲೆ. ಮೊದಲು ಓಡೋಕೆ ಕಾಲು ಬೇಕಲ್ಲ? ನಿನ್ನೆ ನಮ್ಮ ಕಡೆ ಇದ್ದದ್ದು ಹದಿನೈದು ಜನ. ಹದಿನೆಂಟು ಮಾಡೋಕೆ ಎದುರು ತಂಡದಿಂದಾನೇ ಮೂರು ಜನರನ್ನ ಕೇಳಿ ತಗೊಂಡ್ವಿ. ಅವರ ಹುಡುಗರು ಅವರ ಬಟ್ಟೇಲೇ ನಮ್ಮ ಪರ ಆಡಿದ್ರು. ಎಂಥ ನಾಚಿಕೆ ಗೊತ್ತಾ?"

ಡೆಸ್ ಮುಖ ಓರೆಮಾಡಿದ. ಯಾರನ್ನಾದರೂ ನೋಡಬೇಕಾದರೆ ಅವನು ಹಾಗೆ ಕಣ್ಣಿನ ಅಂಚಿನಿಂದಲೇ ನೋಡಬೇಕು. ಅವನು ನೋಡಿದ್ದು ಮಗನನ್ನಲ್ಲ, ಲೋರ್ನಾಳನ್ನು.

"ನಿಮ್ಮಮ್ಮನ್ನ ಕೇಳು. ನಿನ್ನೆ ಎಷ್ಟು ಒಗೆದಳು ಅಂತ."

ಒಲೆಯೊಳಗೆ ಸೌದೆ ಕುಸಿದ ಸದ್ದು. ಟೀಗನ್ ಬಟಾಣಿ ಅಗಿಯುವುದನ್ನು ನಿಲ್ಲಿಸಿದಳು.

"ಅಮ್ಮ?" ಎಂದ ಬ್ರೆಂಟನ್.

ಈಗ ಹೇಳಿಬಿಡಬಹುದಿತ್ತು. ಎರಡು ವರ್ಷ ಒಳಗಿಟ್ಟುಕೊಂಡ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಡೆಸ್‌ನ ಮುಖ, ಅವಳ ಕಿವಿಯ ಹತ್ತಿರ ಎಲ್ಲೋ ನೋಡುತ್ತಿರುವ ಆ ಕಣ್ಣು.

"ಇಪ್ಪತ್ತೆರಡು," ಎಂದಳು.

"ಕೇಳಿಸ್ತಾ?" ಡೆಸ್ ಮೆತ್ತಗೆ ಹೇಳಿದ. "ಈ ಮನೇಲಿ ನಿಮ್ಮಮ್ಮನ ಮಾತಿಗೆ ಎದುರಾಡಬೇಡ."

ಬ್ರೆಂಟನ್ ಚಾಕನ್ನು ಮಾಂಸದ ಪಕ್ಕದಲ್ಲಿ ಇಟ್ಟ. "ಸರಿ ಬಿಡು. ಇಡೀ ಮೈದಾನ ಎಣಿಸಿದ್ದು ಸುಳ್ಳು, ನಾನು ಸುಳ್ಳುಗಾರ. ನಡಿ ಕೆರಿನ್."

"ಊಟ ಮುಗಿಸೋ," ಎಂದಳು ಲೋರ್ನಾ.

"ಹೊಟ್ಟೆ ತುಂಬಿತಮ್ಮ."

ಟೀಗನ್ ಹೋಗುವಾಗ ಒಂದು ಹುರಿದ ಆಲೂಗಡ್ಡೆಯನ್ನು ಕೈಯಲ್ಲೇ ಎತ್ತಿಕೊಂಡು ಹೋದಳು.

*

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಲೋರ್ನಾ ಕೈ ತಡೆಯದೆ ಎಂದಿನ ಅಳತೆಯಲ್ಲೇ ಅಡುಗೆ ಮಾಡಿಬಿಟ್ಟಳು. ಆಮೇಲೆ ಇಡೀ ವಾರ ತಣ್ಣನೆಯ ಮಾಂಸ, ಉಪ್ಪಿನಕಾಯಿ, ಬ್ರೆಡ್ಡು. ಇಬ್ಬರೂ ರೇಡಿಯೋ ಹಾಕಿಕೊಂಡು ತಿಂದರು. ಐದು ಕುರ್ಚಿಯ ಮೇಜು ಅದು. ಮೂರನ್ನು ಗೋಡೆಗೆ ಸರಿಸಿಡೋಣವೆಂದು ಎದ್ದವಳು ಸರಿಸದೆ ಕೂತಳು.

ಬುಧವಾರ ಕೆರಿನ್ ಹಿಂದಿನ ಬಾಗಿಲಿಂದ ಬಂದಳು. ಕಡುಬಿನ ಪಾತ್ರೆ ವಾಪಸು ಕೊಡುವ ನೆಪ. ಲೋರ್ನಾ ಒಗೆಯುವ ಕೋಣೆಯಲ್ಲಿದ್ದಳು. ಸೊಸೆ ಬಾಗಿಲು ಮುಂದೆ ಮಾಡಿಕೊಂಡು, "ಅತ್ತೆ, ಶನಿವಾರ ಚೀಲಕ್ಕೆ ತುಂಬೋಳು ನಾನೇ ಅಲ್ವಾ?" ಎಂದಳು.

"ಗೊತ್ತು."

"ನಾವು ಊಟಕ್ಕೆ ಬಂದ ವಾರ ಹದಿನೈದು ತುಂಬಿದ್ದೆ."

ಲೋರ್ನಾ ಪೆಟ್ಟಿಗೆಯ ಮುಚ್ಚಳ ಎತ್ತಿ ತೋರಿಸಿದಳು. ನುಸಿಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ಮಡಿಚಿಟ್ಟ ಕಡುಗೆಂಪು ಬಟ್ಟೆ, ಎಲ್ಲಕ್ಕಿಂತ ಮೇಲೆ ಹನ್ನೊಂದು.

"ನೀರಲ್ಲಿ ಅದ್ದಿ ಹಾಕ್ತೀನಿ," ಎಂದಳು. "ಸೋಪು ಹಾಕಲ್ಲ. ಕೊಳೆ ಆಗದೇ ಇದ್ದದ್ದಕ್ಕೆ ಸೋಪು ಯಾಕೆ ದಂಡ ಅಂತ."

ಕೆರಿನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನನ್ನ ತಂಡದಲ್ಲಿ ಆರು ಹುಡುಗೀರು ಅತ್ತೆ. ಏಳು ಬೇಕು. ಮುಂದಿನ ವರ್ಷ ಇಬ್ಬರು ಹಾಸ್ಟೆಲಿಗೆ ಹೋಗ್ತಾರೆ. ಈಗ ಸೇರದೇ ಇದ್ರೆ ಟೀಗನ್‌ಗೆ ಆಟಾನೂ ಇಲ್ಲ, ಶನಿವಾರ ಅನ್ನೋದೂ ಇಲ್ಲ. ಕ್ಲಬ್ಬು ಸತ್ತಮೇಲೆ ನಮ್ಮನ್ನ ಯಾರು ಸೇರಿಸ್ಕೋತಾರೆ? ಉಸಿರಿದ್ದಾಗ ಕೇಳಿದ್ರೆ ಮರ್ಯಾದೆ. ಮಾವಂಗೆ ಒಂದು ಮಾತು ಹೇಳಿಬಿಡಿ. ಅವರು ತಣ್ಣಗಾದ್ರೆ ಅವರ ಹಿಂದೆ ಹತ್ತು ಜನ ತಣ್ಣಗಾಗ್ತಾರೆ."

"ಹೇಳ್ತೀನಿ."

"ಮತ್ತೆ ಬ್ರೆಂಟನ್... ರಾತ್ರಿ ಎದ್ದು ಕೂತಿರ್ತಾರೆ. ಅಪ್ಪ ನನ್ನನ್ನ ಸುಳ್ಳುಗಾರ ಅಂದ ಅನ್ನೋದಕ್ಕಿಂತ, ಅಮ್ಮ ಅದಕ್ಕೆ ಸಾಕ್ಷಿ ಹೇಳಿದಳು ಅನ್ನೋದು."

"ಹೇಳ್ತೀನಿ ಅಂದೆನಲ್ಲ," ಎಂದಳು ಲೋರ್ನಾ, ಬೇಕಿದ್ದಕ್ಕಿಂತ ಗಟ್ಟಿಯಾಗಿ.

ಅವತ್ತು ಸಂಜೆ ಚಾಪ್ಸ್ ಬಡಿಸಿ, "ಡೆಸ್," ಎಂದು ಶುರುಮಾಡಿದಳು.

"ಉಪ್ಪು ಇದೆ, ಬೇಡ," ಎಂದ ಅವನು.

ಮರುದಿನ ಸಂಜೆ ಮತ್ತೆ ಬಾಯಿ ತೆರೆದಳು. ಅವನು ರೇಡಿಯೋದ ದನಿ ಏರಿಸಿದ. ಬೇಕೆಂದೇ ಏರಿಸಿದನೋ ಎಂಬ ಅನುಮಾನ ಒಂದು ಕ್ಷಣ ಬಂದು ಹೋಯಿತು.

ಟೀಗನ್ ಒಬ್ಬಳೇ ಸೈಕಲ್ ಹತ್ತಿ ಬಂದದ್ದು ಅದೇ ವಾರ. ಬಿಸ್ಕತ್ತಿನ ಡಬ್ಬಕ್ಕೆ ನೇರ ಕೈಹಾಕಿದಳು.

"ಮನೇಲಿ ಗೊತ್ತಾ ಇಲ್ಲಿ ಬಂದಿರೋದು?" ಎಂದ ಡೆಸ್.

"ಗೊತ್ತು. ಅಪ್ಪ ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ನಿನ್ನ ಹಾಗೇನೇ."

"ನಾಲಿಗೆ ನೋಡು."

"ಅಜ್ಜ, ಕೂರಾಬಿನ್ ಹುಡುಗೀರು ನಾಲ್ಕು ಜನ ನನ್ನ ಕ್ಲಾಸಲ್ಲೇ ಇದ್ದಾರೆ. ಅವರಿಗೆ ಬಾಲ ಇಲ್ಲ."

"ನೀನು ಸರಿಯಾಗಿ ನೋಡಿಲ್ಲ."

"ನೀನು ನೋಡಿದೀಯಾ?"

"ಐವತ್ತು ವರ್ಷ ಅವರ ಹಿಂದೇನೇ ಓಡಿದೀನಿ. ಹಿಂದಿನಿಂದ ಕಂಡಷ್ಟು ಇನ್ನೆಲ್ಲಿಂದ ಕಾಣುತ್ತೆ?"

ಟೀಗನ್ ನಕ್ಕುಬಿಟ್ಟಳು. ಡೆಸ್ ಕೂಡ ನಕ್ಕ. ಆಮೇಲೆ ಅವಳು, "ಅಜ್ಜ, ಆಟ ಇಲ್ಲ ಅಂದ್ರೆ ನಾನು ಶನಿವಾರ ಏನ್ ಮಾಡ್ಲಿ?" ಎಂದಳು. ಅವನು ಬಿಸ್ಕತ್ತಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ಒಂದು ಕಡೆ ಸೇರಿಸುತ್ತ ಕೂತ.

ಸಭೆಯ ಹಿಂದಿನ ಶನಿವಾರ ಚೀಲದಲ್ಲಿ ಬಂದದ್ದು ಹದಿನಾಲ್ಕು. ಪೆಟ್ಟಿಗೆಯಿಂದ ಎಂಟು. ತಣ್ಣೀರಿನಲ್ಲಿ ಅದ್ದಿ ಅದ್ದಿ ಅವಳ ಬೆರಳ ಗೆಣ್ಣು ಮರಗಟ್ಟಿತು. ಒಳಗೆ ಬಂದಾಗ ಡೆಸ್ ಕೇಳಿದ:

"ಎಷ್ಟು?"

"ಇಪ್ಪತ್ತೆರಡು."

"ಹೂಂ." ಅವಳ ಕೈ ಹುಡುಕಿ ಹಿಡಿದು, ಎರಡು ಅಂಗೈ ನಡುವೆ ಇಟ್ಟುಕೊಂಡ. "ಅಷ್ಟೊಂದು ಒಗೀಬೇಡ ಕಣೇ ಮುದುಕಿ."

*

ಮರುದಿನ ಮಧ್ಯಾಹ್ನ ಎರಡಕ್ಕೆ ಸಭೆ. ಲೋರ್ನಾ ಬೆಳಿಗ್ಗೆ ಮೊಟ್ಟೆಯ ಸ್ಯಾಂಡ್‌ವಿಚ್ ಮಾಡಿ ಒದ್ದೆ ಬಟ್ಟೆ ಮುಚ್ಚಿದಳು. ಡೆಸ್‌ನ ಚಪ್ಪಟೆ ಕೆಂಪು ಪೆನ್ಸಿಲನ್ನು ಚಾಕುವಿನಿಂದ ಹೆರೆದುಕೊಟ್ಟಳು. ಬಡಗಿಗಳು ಮರದ ಮೇಲೆ ಗೆರೆ ಎಳೆಯುವ ಪೆನ್ಸಿಲ್ ಅದು. ಪೆನ್ನಿನ ಗೆರೆ ಅವನಿಗೆ ಕಾಣುವುದಿಲ್ಲ. ಇದರಲ್ಲಿ ದಪ್ಪಗೆ ಬರೆದರೆ ಕಾಣುತ್ತದೆ. ಅಂಗಿಯ ಜೇಬಿನಿಂದ ಅದು ಎಂದೂ ಆಚೆ ಹೋದದ್ದಿಲ್ಲ.

ಭವನದ ಗೋಡೆಯ ತುಂಬ ಯುದ್ಧಕ್ಕೆ ಹೋದವರ ಹೆಸರು, ಟ್ರೋಫಿ ಗೆದ್ದವರ ಹೆಸರು, ಮರದ ಹಲಗೆಗಳ ಮೇಲೆ ಚಿನ್ನದ ಅಕ್ಷರದಲ್ಲಿ. ಡೆಸ್‌ನ ಅಪ್ಪ ಎರಡರಲ್ಲೂ ಇದ್ದ. ಎಪ್ಪತ್ತಮೂರು ಸದಸ್ಯರು ಬಂದಿದ್ದರು. ಬ್ರೆಂಟನ್ ಕಾಗದ ನೋಡಿಕೊಂಡು ಮಾತಾಡಿದ. ತಂದೆಯಿದ್ದ ಕಡೆ ಒಂದು ಸಲವೂ ನೋಡಲಿಲ್ಲ.

ಆಮೇಲೆ ಡೆಸ್ ಎದ್ದ.

"ಈ ಮೈದಾನದ ಕಲ್ಲು ಆರಿಸಿ ಹಸನು ಮಾಡಿದ್ದು ನಮ್ಮಪ್ಪ. ನಾನೂ ಆರಿಸಿದೀನಿ. ಅಷ್ಟೇ ನನ್ನ ಮಾತು."

ಹಿಂದಿನ ಸಾಲಿನ ಮುದುಕರು ನೆಲಕ್ಕೆ ಕಾಲು ಬಡಿದರು. "ಹಾಗೆ ಹೇಳು ಡೆಸ್!" ಎಂದ ಒಬ್ಬ.

ಖಾಲಿ ಚೀಟಿ ಹಂಚಿದರು. 'ಸೇರೋಣ' ಅಥವಾ 'ಬೇಡ' ಎಂದು ಬರೆಯಬೇಕು. ಲೋರ್ನಾ ತೀರ್ಮಾನಿಸಿಕೊಂಡೇ ಬಂದಿದ್ದಳು. ಟೀಗನ್‌ಗಾಗಿ ಸೇರೋಣ, ಬ್ರೆಂಟನ್‌ಗಾಗಿ ಸೇರೋಣ. ಹೇಗೂ ಆ ಹದಿನಾಲ್ಕನ್ನು ಎಣಿಸಿದವಳು ತಾನೇ. ಪೆನ್ನು ತೆರೆದಳು. ಅಷ್ಟರಲ್ಲಿ ಎರಡು ಕುರ್ಚಿ ಆಚೆ ಡೆಸ್ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, ಸ್ಕೂಲಿನ ಮಗುವಿನ ಹಾಗೆ ಎಡಗೈ ಅಡ್ಡ ಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆಯುವುದು ಕಂಡಿತು. ಅವನ ಮಗ ಅವನ ಎದುರಿಗೆ. ಹೆಂಡತಿಯೂ ಎದುರಾದರೆ ಅವನ ಕಡೆ ಉಳಿಯುವವರು ಯಾರು? ಇಪ್ಪತ್ತೆರಡು ಎಂದು ನಂಬಿಸಿದವಳೇ ಈಗ ಬೆನ್ನು ತಿರುಗಿಸುವುದೇ?

'ಬೇಡ' ಎಂದು ಬರೆದು ಮಡಿಚಿದಳು.

ಎಣಿಸಲು ಇಬ್ಬರು ಬೇಕಿತ್ತು. ನಿವೃತ್ತ ಮೇಷ್ಟ್ರು ಹೆಡ್ಲಿ ಪಾಸ್ಕೋ ಒಬ್ಬರು. ಇನ್ನೊಬ್ಬರು ಯಾರು ಎಂದಾಗ, "ಲೋರ್ನಾ ಇರಲಿ, ಅವಳು ಎಣಿಸೋದರಲ್ಲಿ ತಪ್ಪೋಳಲ್ಲ," ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಬ್ರೆಂಟನ್ ಚಹಾಕ್ಕೆ ಇಟ್ಟ ಬಿಸಿನೀರಿನ ಹಂಡೆಯ ಕಡೆ ಮುಖ ತಿರುಗಿಸಿದ.

ಅಡುಗೆ ಕೋಣೆಯ ಉದ್ದ ಮೇಜಿನ ಮೇಲೆ ಚೀಟಿಯ ಪೆಟ್ಟಿಗೆ ಸುರಿದರು. ಮೇಷ್ಟ್ರು 'ಬೇಡ'ಗಳನ್ನು ಆರಿಸಿಕೊಳ್ಳತೊಡಗಿದರು, ಅವಳು 'ಸೇರೋಣ'ಗಳನ್ನು. ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತಾರನೆಯದನ್ನು ಬಿಚ್ಚಿದಳು.

ಕೆಂಪು ಪೆನ್ಸಿಲ್. ದಪ್ಪ ಅಕ್ಷರ, ಕಾಗದದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಸಾಲು ಓರೆಯಾಗಿ ಇಳಿದಿತ್ತು. ಸೇರೋಣ.

ತಪ್ಪಿ ಬರೆಯುವ ಪದವಲ್ಲ ಅದು. ಅವಳು ಅದನ್ನು ಮೂಗಿನ ಹತ್ತಿರ ತಂದಳು, ಅವನು ಹಿಡಿದ ಹಾಗೆಯೇ. ವಾಸನೆ ಏನೂ ಇರಲಿಲ್ಲ. ಆದರೂ ಆ ರಾತ್ರಿ ಅವನ ಕೈಯಲ್ಲಿದ್ದ ವಾಸನೆ ಎಲ್ಲಿಂದಲೋ ಬಂತು. ಕಂಬಳಿಯದಲ್ಲ ಅದು. ತಂತಿಯನ್ನು ಒಂದೊಂದೇ ಗೇಣು ತಿರುಗಿಸಿ, ಹೊಲಿದ ಅಂಕಿಯನ್ನು ಬೆರಳಿನಿಂದ ಓದಿ, ಒಂದೊಂದನ್ನೂ ಮೂಸಿ ನೋಡಿದ್ದಾನೆ. ಸೋಪಿನ ವಾಸನೆಯವು ಹದಿನೈದು, ಪೆಟ್ಟಿಗೆಯ ವಾಸನೆಯವು ಏಳು. ಹನ್ನೊಂದನ್ನೂ ಮೂಸಿದ್ದಾನೆ. ಮರುದಿನ ಮೇಜಿನ ಮುಂದೆ, ಯಾರು ಹಾಕಿದ್ದು ಎಂದು ಕೇಳಿ, ಅವಳ ಸುಳ್ಳನ್ನು ಕೇಳಿಸಿಕೊಂಡಿದ್ದಾನೆ. ಆಮೇಲೆ, ಗೊತ್ತಿದ್ದೂ ಗೊತ್ತಿದ್ದೂ, ಮಗನನ್ನು ಕಳೆದುಕೊಂಡಿದ್ದಾನೆ. ಹೆಂಡತಿಯ ಮಾತು ಬೀಳಬಾರದೆಂದು.

"ನನ್ನದು ಮೂವತ್ತಾರು," ಎಂದರು ಮೇಷ್ಟ್ರು. "ನಿನ್ನದು?"

ಅವಳು ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. "ಮೂವತ್ತೇಳು."

"ಒಂದು ವೋಟು!" ಮೇಷ್ಟ್ರು ಕನ್ನಡಕ ತೆಗೆದರು. "ಯಾರದೋ ಒಬ್ಬರದು."

ಹೊರಗೆ ಫಲಿತಾಂಶ ಓದಿದಾಗ ಚಪ್ಪಾಳೆ ಅಷ್ಟೇನೂ ಬೀಳಲಿಲ್ಲ. ಚೀಟಿಗಳನ್ನು ಸುಟ್ಟುಹಾಕಬೇಕೆಂದು ಮೇಷ್ಟ್ರು ಸೂಚಿಸಿದರು, ಎಲ್ಲರೂ ಕೈಯೆತ್ತಿದರು. ಊರಿನಲ್ಲಿ ಹಿಂದಿನಿಂದ ಬಂದ ಕ್ರಮ ಅದು. ಬರೆದವರ ಕೈಬರಹ ಎಲ್ಲರಿಗೂ ಗುರುತು. ಮನೆಯ ಒಲೆಗೆ ಹಾಕಲೆಂದು ಲೋರ್ನಾ ಚೀಟಿಗಳ ಚೀಲ ಹಿಡಿದು ನಿಂತಳು.

ಹಿಂದಿನ ಸಾಲಿನ ಮುದುಕನೊಬ್ಬ ಡೆಸ್‌ನ ಭುಜ ಹಿಡಿದುಕೊಂಡ. "ನಮ್ಮಲ್ಲೇ ಯಾವನೋ ಕೈಕೊಟ್ಟ ಡೆಸ್. ಸಿಕ್ಕಲಿ ಅವನು."

"ಯಾವನೋ ಒಬ್ಬ ಇದ್ದೇ ಇರ್ತಾನೆ," ಎಂದ ಡೆಸ್.

ಬ್ರೆಂಟನ್ ಅವಳ ಹತ್ತಿರ ಬಂದ. ಗೆದ್ದವನ ಮುಖವಾಗಿರಲಿಲ್ಲ. "ಅಪ್ಪ ನನ್ನನ್ನ ಸೋಲಿಸೋಕೆ ಮಾಡಿದ್ದೆಲ್ಲ ಒಂದು ವೋಟಿಗೆ ತಪ್ಪಿತು," ಎಂದ. ಆಮೇಲೆ ದನಿ ತಗ್ಗಿಸಿ, "ಅಮ್ಮ, ನೀನಾದ್ರೂ ನಮ್ಮ ಕಡೆ ಹಾಕಿದ್ಯಲ್ಲ?"

ಚೀಲದ ಬಾಯಿ ಅವಳ ಮುಷ್ಟಿಯಲ್ಲಿ ಮುದುರಿತು.

"ಗುಟ್ಟಿನ ಮತ ಕಣೋ," ಎಂದಳು.

ಅವನು ತಲೆಯಾಡಿಸಿದ. ಅರ್ಥವಾಯಿತು ಎಂಬಂತೆ.

"ಭಾನುವಾರ ಊಟಕ್ಕೆ ಬಾ."

"ನೋಡೋಣ."

*

ಮನೆಯವರೆಗೆ ಅವಳು ಕಾರು ಓಡಿಸಿದಳು, ಅವನು ಕಿಟಕಿಯ ಅಂಚಿನಿಂದ ಹೊಲ ನೋಡುತ್ತಿದ್ದ. ತಂತಿಯ ಮೇಲೆ ಇಪ್ಪತ್ತೆರಡೂ ನೇತಾಡುತ್ತಿದ್ದವು. ಕತ್ತಲಾಗುವ ಮೊದಲು ಅವಳು ಒಂದೊಂದೇ ತೆಗೆದು ತಂದಳು.

ಡೆಸ್ ಅಡುಗೆಮನೆಯ ಒಲೆಯ ಮುಂದೆ ಕೂತಿದ್ದ. ಅವಳು ಒಲೆಯ ಬಾಗಿಲು ತೆರೆದು ಚೀಟಿಗಳನ್ನು ಹಿಡಿಹಿಡಿಯಾಗಿ ಒಳಗೆ ಹಾಕತೊಡಗಿದಳು. ಕಾಗದ ಸುರುಳಿಯಾಗಿ, ಅಂಚು ಕೆಂಪಾಗಿ, ಕಪ್ಪಾಯಿತು.

"ಅವೇನಾ?"

"ಹೂಂ."

"ಎಲ್ಲಾನೂ ನೋಡಿದ್ಯಾ?"

"ಮೇಷ್ಟ್ರು ಅರ್ಧ, ನಾನು ಅರ್ಧ."

ಅವನು ಮುಖ ಓರೆಮಾಡಿ ಅವಳ ಕಡೆ ನೋಡಿದ. ಅಷ್ಟು ಹೊತ್ತು ಅವನು ಹಾಗೆ ನೋಡಿದ್ದು ಅವಳಿಗೆ ನೆನಪಿರಲಿಲ್ಲ. "ನೀನು ಯಾವ ಅರ್ಧ?"

ಚೀಲದಲ್ಲಿ ಕೊನೆಯದಾಗಿ ಉಳಿದದ್ದು ಕೆಂಪು ಅಕ್ಷರದ್ದು. ಅದನ್ನು ಅವಳೇ ಉಳಿಸಿಕೊಂಡಿದ್ದಳು. ಬ್ರೆಂಟನ್‌ಗೆ ಈ ಒಂದು ಕಾಗದ ತೋರಿಸಿದರೆ ಸಾಕು, ಮುಂದಿನ ಭಾನುವಾರ ಮೇಜಿನ ಸುತ್ತ ಐದು ತಟ್ಟೆ. ಆದರೆ ಯಾಕೆ ಎಂದು ಅವನು ಕೇಳುತ್ತಾನೆ. ಆಗ ಜರ್ಸಿಯ ಪೆಟ್ಟಿಗೆ ತೆರೆಯಬೇಕು, ಡೆಸ್ ಮುಚ್ಚಿಟ್ಟದ್ದನ್ನೆಲ್ಲ ಮಗನ ಮುಂದೆ ಹರವಬೇಕು. ಹೇಳುವ ಹಕ್ಕು ಇದ್ದರೆ ಅದು ಬರೆದವನದು. ಅವನು ಹೇಳುತ್ತಿಲ್ಲ.

"ಬೇಡ ಅಂದವರದ್ದು," ಎಂದಳು.

"ಓ," ಎಂದ ಡೆಸ್. ಆಮೇಲೆ, "ಸರಿ," ಎಂದ. ಬೆಂಕಿಗೆ ಕೈ ಒಡ್ಡಿಕೊಂಡ.

ಅವಳು ಕೆಂಪು ಅಕ್ಷರದ ಚೀಟಿಯನ್ನು ಒಲೆಯೊಳಗೆ ಬಿಟ್ಟು ಬಾಗಿಲು ಹಾಕಿದಳು. ಬ್ರೆಂಟನ್‌ಗೆ ಹೇಳುವುದಿಲ್ಲ. ಕೆರಿನ್‌ಗೂ ಹೇಳುವುದಿಲ್ಲ. ಇಲ್ಲಿ, ಮೊಣಕಾಲು ತಾಗುವಷ್ಟು ಹತ್ತಿರ ಕೂತ ಇವನಿಗೂ ಹೇಳುವುದಿಲ್ಲ.

ಎದ್ದು, ಇಬ್ಬರಿಗೆ ಸೂಪು ಬಿಸಿಮಾಡಿದಳು.